ಮದುವಿ ಫೋಟೋದಾಗ ಮುಖ ಹಸಿರು ಬರ್ತೈತಿ, ಸಾಲ ಮಾಡಿ ಫುಲ್ ಫ್ರೇಮ್ ತಗೊಳ್ಳಲೇನ್ರಿ?

ಪ್ರಶ್ನೆ: "ಸರ್, ನಮಸ್ಕಾರ. ನಮ್ದು ಸಿಂಧನೂರು ತಾಲ್ಲೂಕು, ವಯಸ್ಸು 25. ಡಿಗ್ರಿ ಮುಗಿಸಿ ರೈಸ್ ಮಿಲ್ಲಿನಾಗ ಲೆಕ್ಕ ಬರಿತೀನಿ, ತಿಂಗಳಿಗೆ 14 ಸಾವಿರ ಪಗಾರ. ಎರಡು ವರ್ಷದ ಹಿಂದ ಕ್ಯಾನನ್ 1500ಡಿ ತಗೊಂಡೆ, ಅದರ ಜೊತಿ ಬಂದ 18-55 ಲೆನ್ಸ್ ಬಿಟ್ರ ಬ್ಯಾರೆ ಏನೂ ಇಲ್ಲ. ಹಗಲಾಗ ಹೊಲ, ಜಾತ್ರಿ, ಹುಡುಗರ ಫೋಟೋ ಚಲೋ ಬರ್ತಾವ. ಮೊನ್ನೆ ಗೆಳೆಯನ ತಂಗಿ ಮದುವಿಯಾಗ ತೆಗೆದವು ಮಾತ್ರ ಎಲ್ಲಾ ಕೆಟ್ಟಾವ. ಮನಿ ಮುಂದ ಹಂದರ ಹಾಕಿ ಮ್ಯಾಲ ಹಸಿರು ನೆಟ್ ಕಟ್ಟಿದ್ರು, ಅಲ್ಲಿ ಎಲ್ಲಾರ ಮುಖ ಹಸಿರು. ರಾತ್ರಿ ಮಂಟಪದಾಗಿನ ರಿಸೆಪ್ಷನ್ ಫೋಟೋ ಕಾಳು ಕಾಳು, ಅರ್ಧ ಅಲುಗಾಡ್ಯಾವ, ಕೆಲವದ್ರಾಗ ಅಡ್ಡ ಪಟ್ಟಿ ಬಂದಾವ. ಅಲ್ಲಿ ಬಂದಿದ್ದ ಫೋಟೋಗ್ರಾಫರು ನನ್ನ ಕ್ಯಾಮೆರಾ ನೋಡಿ 'ಇದರಾಗ ಮದುವಿ ಆಗಲ್ಲ ತಮ್ಮಾ, ಫುಲ್ ಫ್ರೇಮ್ ಬೇಕು' ಅಂದ್ರು. ಒಂದೂವರೆ ಲಕ್ಷ ಸಾಲ ಸಿಗ್ತೈತಿ, ತಗೊಳ್ಳಲೇನ್ರಿ? ಮುಂದಿನ ತಿಂಗಳು ಸ್ವಂತ ಸೋದರಮಾವನ ಮಗಳ ಮದುವಿ ಐತಿ, ನೀನ ಫೋಟೋ ತೆಗಿ ಅಂತ ಹೇಳ್ಯಾರ. ಇನ್ನೊಂದು, ಅಂಜನಾದ್ರಿ ಮ್ಯಾಲ ತೆಗೆದ ಫೋಟೋದಾಗ ಆಕಾಶ ಪೂರಾ ಬೆಳ್ಳಗ ಬರ್ತೈತಿ, ಅದಕ್ಕೂ ಕ್ಯಾಮೆರಾನ ಕಾರಣ ಏನು?"

ಉತ್ತರ:

ನೀವು ಪ್ರಶ್ನೆ ಜೊತಿ ಕಳಿಸಿದ ಒಂಬತ್ತೂ ಫೋಟೋ ದೊಡ್ಡದು ಮಾಡಿ ನೋಡೀನಿ, ಅವುಗಳ ಸೆಟ್ಟಿಂಗೂ ತೆಗೆದು ನೋಡೀನಿ. ಸಾಲದ ಫಾರಂ ತುಂಬಿದ್ರ ಸದ್ಯ ಅಲ್ಲೇ ಇರಲಿ. ನಿಮ್ಮ ತಕರಾರು ನಾಲ್ಕು ಅದಾವ, ಹಸಿರು, ಕಾಳು, ಅಲುಗು, ಪಟ್ಟಿ. ನಾಲ್ಕೂ ಒಂದ ಮದುವಿಯಾಗ ಒಂದ ಕ್ಯಾಮೆರಾದಾಗ ಬಂದ್ವು ಅಂತ ನೀವು ಕ್ಯಾಮೆರಾ ಮ್ಯಾಲ ಹಾಕಾಕತ್ತೀರಿ, ಖರೆ ಅಂದ್ರ ನಾಲ್ಕಕ್ಕೂ ಕಾರಣ ಬ್ಯಾರೆ ಬ್ಯಾರೆ, ಅದರಾಗ ಮೂರು ನೀವು ಎರಡು ಲಕ್ಷದ ಬಾಡಿ (ಲೆನ್ಸ್ ಬಿಟ್ಟು ಬರೇ ಕ್ಯಾಮೆರಾ) ಹಿಡಿದು ನಿಂತಿದ್ರೂ ಹಂಗ ಬರ್ತಿದ್ವು. ನಾಲ್ಕನೇದಕ್ಕ, ಅಂದ್ರ ಕಾಳಿಗೆ, ಫುಲ್ ಫ್ರೇಮ್ (ಬೆಳಕು ಹಿಡಿಯೋ ಸೆನ್ಸರ್ ದೊಡ್ಡದಿರೋ ಕ್ಯಾಮೆರಾ) ಸ್ವಲ್ಪ ಉಪಯೋಗ ಆಗ್ತೈತಿ, ಆದ್ರ ಅದಕ್ಕಿಂತ ಹೆಚ್ಚು ಉಪಯೋಗ ಆಗೋದು ಭಾಳ ಕಡಿಮಿ ರೊಕ್ಕದಾಗ ಬರೋ ಒಂದು ಲೆನ್ಸಿನಿಂದ.

ಹಸಿರಿನಿಂದ ಶುರು ಮಾಡೋಣ, ಯಾಕಂದ್ರ ಇದು ನಮ್ಮ ಕಡೆ ಹಂದರದ್ದ ರೋಗ. ಬಿಸಿಲು ಹಸಿರು ನೆಟ್ಟಿನ ಮ್ಯಾಲ ಬಿದ್ದು ಕೆಳಗ ಇಳಿಯೋವಾಗ ಹಸಿರು ಬಣ್ಣ ಹೊತ್ಕೊಂಡ ಇಳಿತೈತಿ. ನಮ್ಮ ಕಣ್ಣು ಐದು ನಿಮಿಷದಾಗ ಅದಕ್ಕ ಹೊಂದ್ಕೊಂಡು ಬಿಡ್ತೈತಿ, ಕುಂತವರಿಗೆ ಮದುಮಗಳ ಮುಖ ಹಸಿರು ಅಂತ ಅನಿಸೋದ ಇಲ್ಲ. ಕ್ಯಾಮೆರಾಕ್ಕ ಆ ಹೊಂದಾಣಿಕಿ ಬರಲ್ಲ, ಅದು ಎಷ್ಟು ಹಸಿರು ಬಿತ್ತೋ ಅಷ್ಟೂ ಬರ್ಕೋತೈತಿ. ಬೆಳಕಿನ ಬಣ್ಣ ತಾನ ಸರಿ ಮಾಡೋ ಆಟೋ ವೈಟ್ ಬ್ಯಾಲೆನ್ಸ್ ಇರೋದು ಅದಕ್ಕ ಅಲ್ಲೇನ್ರಿ ಅಂತೀರಿ, ಹೌದು, ಆದ್ರ ಅದು ಬಿಸಿಲು, ನೆರಳು, ಬಲ್ಬು ಇಂಥ ರೂಢಿ ಬೆಳಕಿಗೆ ಲೆಕ್ಕ ಹಾಕಿದ್ದು, ಹಂದರದ ಪ್ಲಾಸ್ಟಿಕ್ ನೆಟ್ಟು ಅದರ ಪಾಠದಾಗ ಇಲ್ಲ.

ನಾನು ಈ ಪಾಠ ಕಲ್ತಿದ್ದು ಗಂಗಾವತಿ ಹತ್ರ ಒಂದು ಹಳ್ಳಿಯಾಗ, ಕೆಲಸಕ್ಕ ಹೊಸಬ ಇದ್ದಾಗ. ಗುಲಾಬಿ ಬಣ್ಣದ ಶಾಮಿಯಾನ, ಮಟಮಟ ಮಧ್ಯಾಹ್ನ, ಮುಹೂರ್ತ 12ರ ಮ್ಯಾಲ. ನಾನು ಖುಷಿಲೆ ತೆಗೆದೆ, ಆಲ್ಬಂ ಮಾಡಿಸಿ ಒಯ್ದು ಕೊಟ್ಟೆ. ಮದುಮಗಳ ಅಜ್ಜಿ ಆಲ್ಬಂ ತೆಗೆದು ಒಂದು ಹಾಳಿ ತಿರುವಿದ್ಲು, ಎರಡು ಹಾಳಿ ತಿರುವಿದ್ಲು, ಆಮ್ಯಾಲ ನನ್ನ ಮುಖ ನೋಡಿ "ಯಪ್ಪಾ, ನಮ್ಮ ಹುಡುಗಿ ಏನು ಕುಂಕುಮದ ಡಬ್ಬಿಯಾಗ ಬಿದ್ದಾಳೇನೋ" ಅಂದ್ಲು. ಬಾಕಿ ರೊಕ್ಕ ಕೇಳೋ ಧೈರ್ಯ ನನಗ ಆಗಲಿಲ್ಲ. ಅವತ್ತು ನನ್ನ ಕೈಯಾಗ ಇದ್ದದ್ದು ಆಗಿನ ಕಾಲಕ್ಕ ಒಳ್ಳೇ ಕ್ಯಾಮೆರಾನ.

ಇದಕ್ಕ ಉಪಾಯ ಏನಪಾ ಅಂದ್ರ, ಬೆಳಕನ್ನ ಮೊದಲು ಸರಿ ಮಾಡ್ರಿ, ಆಮ್ಯಾಲ ಸೆಟ್ಟಿಂಗು. ಸ್ವಂತ ಮಾವನ ಮನಿ ಮದುವಿ ಅಂದ್ರ ನಿಮಗ ಸಲಿಗಿ ಐತಿ, ಹಂದರ ಹಾಕೋ ದಿನಾನ ಹೋಗಿ ಹಸಿಮಣಿ ಎಲ್ಲಿ ಬರ್ತೈತಿ ಕೇಳ್ರಿ, ಅದರ ಮ್ಯಾಲ ನೆಟ್ಟಿನ ಕೆಳಗ ಒಂದು ದೊಡ್ಡ ಬಿಳಿ ಬಟ್ಟಿ ಕಟ್ಟಸ್ರಿ, ಜೋಡಿ ಬೆಡ್‌ಶೀಟ್ ಹೊಲಿಸಿದ್ರೂ ನಡಿತೈತಿ. ಹಸಿರು ಪೂರಾ ಹೋಗಲ್ಲ ಆದ್ರ ಬಿಳಿ ಬಟ್ಟಿ ಬೆಳಕನ್ನ ಹರಡಿ ಮೆತ್ತಗ ಮಾಡ್ತೈತಿ, ಹಂದರದ ಬಾಯಿ ಕಡೆಯಿಂದ ಬರೋ ಬಿಳಿ ಬೆಳಕನ್ನ ವಾಪಸ್ ಮುಖಕ್ಕ ಎಸಿತೈತಿ, ಕೆಲಸ ಅರ್ಧ ಅಲ್ಲೇ ಮುಗೀತು. ಹಸಿಮಣಿನ ಹಂದರದ ಬಾಯಿ ಕಡೆ ಮುಖ ಮಾಡಿ ಇಡಾಕ ಆಗ್ತೈತೇನು ಅಂತ ಐನಾರನ್ನ ಕೇಳಿ ನೋಡ್ರಿ, ದಿಕ್ಕಿನ ಪ್ರಕಾರ ಒಪ್ಪಿದ್ರ ಒಪ್ಪಿದ್ರು. ಮನಿಯವರ ಗುಂಪು ಫೋಟೋ, ಮದುಮಗಳ ಒಬ್ಬಾಕಿದ ಫೋಟೋ ಇವನ್ನ ಹಂದರದ ನಡುವ ತೆಗಿಯೋದ ಬ್ಯಾಡ, ಅಂಚಿಗೆ ಕರ್ಕೊಂಡು ಬರ್ರಿ, ಮುಖ ಹೊರಗ ಇರಲಿ, ಬಿಸಿಲು ಮೈಮ್ಯಾಲ ಬೀಳಬಾರದು, ನೆರಳಿನ ಗೆರಿಯಿಂದ ಒಂದು ಹೆಜ್ಜಿ ಒಳಗ ನಿಲ್ಲಸ್ರಿ ಸಾಕು.

ಸೆಟ್ಟಿಂಗ್ ವಿಷಯಕ್ಕ ಬಂದ್ರ ನಿಮ್ಮ 1500ಡಿ ಒಳಗ ಕಸ್ಟಮ್ ವೈಟ್ ಬ್ಯಾಲೆನ್ಸ್ ಅಂತ ಐತಿ, ಹಸಿಮಣಿ ಜಾಗದಾಗ ಒಂದು ಬಿಳಿ ಹಾಳಿ ಹಿಡಿದು ಫ್ರೇಮಿನ ನಡುವು ತುಂಬೋ ಹಂಗ ಫೋಟೋ ತೆಗೆದು, ಮೆನುನಾಗ ಹೋಗಿ ಆ ಫೋಟೋ ಆರಿಸಿ, ಆಮ್ಯಾಲ ವೈಟ್ ಬ್ಯಾಲೆನ್ಸ್‌ನ ಕಸ್ಟಮ್ಮಿಗೆ ಇಡಬೇಕು. ಹತ್ತು ಸೆಕೆಂಡಿನ ಕೆಲಸ. ಹಾಳಿ ಬದಲು ಐನಾರ ಪಂಜಿ ಮ್ಯಾಲ ಮಾಡೋರನ್ನ ನೋಡೀನಿ, ನೀಲಿ ಹಾಕಿ ಒಗೆದ ಪಂಜಿ ಬಿಳಿ ಅಲ್ರಿ, ಅದು ನೀಲಿನ, ಅದನ್ನ ನಂಬಿದ್ರ ಮುಖ ಹಳದಿ ಬರ್ತೈತಿ. ಮತ್ತ ಫೋಟೋ ರಾ ಒಳಗ ತೆಗೀರಿ, ಅಂದ್ರ ಸೆನ್ಸರ್ ಹಿಡಿದದ್ದನ್ನ ಹಂಗ ಇಡೋ ಫೈಲಿನಾಗ. ರಾ ಅಂದ್ರ ದೊಡ್ಡ ದೊಡ್ಡ ಫೋಟೋಗ್ರಾಫರಿಗೆ ಮಾತ್ರ ಅನ್ನೋದು ಸುಳ್ಳು, ಖರೆ ಅಂದ್ರ ತಪ್ಪು ಮಾಡೋರಿಗೇ ಅದು ಹೆಚ್ಚು ಬೇಕು. ಸಾದಾ ಜೆಪೆಗ್ ಫೈಲಿನಾಗ ಒಂದೊಂದು ಬಣ್ಣಕ್ಕ 256 ಮೆಟ್ಟಲು ಇರ್ತಾವ, ನಿಮ್ಮ ಕ್ಯಾಮೆರಾದ ರಾ ಫೈಲ್ 14 ಬಿಟ್, ಅಂದ್ರ 16,384 ಮೆಟ್ಟಲು. ಮನಿಗೆ ಬಂದು ಬಣ್ಣ ಎಳೆದಾಡಿದ್ರೂ ಹರಿಯಲ್ಲ. ಒಂದ ಮಾತು ನೆನಪಿಡ್ರಿ, ಒಂದು ಕೆನ್ನಿಗೆ ನೆಟ್ಟಿನ ಹಸಿರು ಇನ್ನೊಂದು ಕೆನ್ನಿಗೆ ಹಳದಿ ಬಲ್ಬು ಬಿದ್ದಿದ್ರ ರಾ ಇದ್ರೂ ಅಷ್ಟ, ಏನಿದ್ರೂ ಅಷ್ಟ, ಒಂದು ಸರಿ ಮಾಡಿದ್ರ ಇನ್ನೊಂದು ಕೆಡ್ತೈತಿ. ಹಗಲು ಹೊತ್ತಿನಾಗ ಹಂದರದ ಹಳದಿ ಬಲ್ಬು ಆರಿಸ್ರಿ ಅಂತ ಹೇಳಾಕ ನಾಚಬ್ಯಾಡ್ರಿ.

ಇನ್ನ ಕಾಳು. ಇದು ಯಾಕ ಬರ್ತೈತಿ ಅಂತ ತಿಳ್ಕೊಂಡ್ರ ಅರ್ಧ ಅಂಗಡಿ ಮಾತು ತಾನ ಸುಳ್ಳು ಆಗ್ತೈತಿ. ಅಕ್ಷತಿ ಹಾಕೋದನ್ನ ನೆನಸ್ಕೋರಿ. ಐದಾರು ಮಂದಿ ಒಂದೊಂದು ಚಿಟಿಕಿ ಅಕ್ಕಿಕಾಳು ಎಸೆದ್ರ ಮದುಮಗನ ಬಲ ಹೆಗಲ ಮ್ಯಾಲ ಮೂರು ಕಾಳು, ಎಡ ಹೆಗಲ ಮ್ಯಾಲ ಒಂಬತ್ತು, ಪೇಟದ ಮ್ಯಾಲ ಒಂದೂ ಇಲ್ಲ, ಹಿಂಗ ಹೆಚ್ಚು ಕಡಿಮಿ ಕಾಣ್ತಾವ. ಅದೇ ಐನೂರು ಮಂದಿ ಎಸೆದ್ರ ಎಲ್ಲಾ ಕಡೆ ಒಂದ ಸಮ ಬಿದ್ದಂಗ ಕಾಣ್ತೈತಿ. ಬೆಳಕೂ ಹಂಗ ಕಾಳು ಕಾಳಾಗಿ ಸೆನ್ಸರ್ ಮ್ಯಾಲ ಬೀಳ್ತೈತಿ, ಕಡಿಮಿ ಬಿದ್ದಾಗ ಪಕ್ಕಪಕ್ಕದ ಪಿಕ್ಸೆಲ್ ಲೆಕ್ಕ ಹೆಚ್ಚು ಕಡಿಮಿ ಆಗಿ ನಮಗ ನಾಯ್ಸ್ ಕಾಣ್ತೈತಿ. ಐಎಸ್ಒ ಏರಿಸಿದ್ರ ಬೆಳಕು ಹೆಚ್ಚಾಗಲ್ಲ, ಬಿದ್ದಷ್ಟನ್ನ ದೊಡ್ಡದು ಮಾಡಿ ತೋರಿಸ್ತೈತಿ ಅಷ್ಟ. ಅದಕ್ಕ "ಐಎಸ್ಒ 800 ದಾಟಬ್ಯಾಡ" ಅಂತ ಯಾರೋ ಹೇಳಿದ್ದನ್ನ ನಂಬಿ ಫೋಟೋ ಕತ್ತಲಿ ತೆಗೆದು ಆಮ್ಯಾಲ ಕಂಪ್ಯೂಟರಿನಾಗ ಬೆಳಗಿಸ್ತಾರಲ್ಲ, ಅದು ಎಲ್ಲಾಕ್ಕಿಂತ ಕೆಟ್ಟ ಚಾಳಿ. ಸರಿಯಾಗಿ ಬೆಳಕು ಹಿಡಿದ 3200ರ ಫೋಟೋ, ಕತ್ತಲಿ ತೆಗೆದು ಎತ್ತಿದ 800ರ ಫೋಟೋಕ್ಕಿಂತ ಚಲೋ ಇರ್ತೈತಿ.

ಹಂಗಾದ್ರ ಕೇಳಬೇಕಾದ ಪ್ರಶ್ನಿ ಏನು, ಸೆನ್ಸರಿಗೆ ಹೆಚ್ಚು ಬೆಳಕು ಹೆಂಗ ಕೊಡೋದು ಅಂತ. ಫುಲ್ ಫ್ರೇಮ್ ಸೆನ್ಸರ್ 36 ಬೈ 24 ಮಿಲಿಮೀಟರ್, ನಿಮ್ಮದು ಸುಮಾರು 22.3 ಬೈ 14.9, ವಿಸ್ತೀರ್ಣ ಗುಣಿಸಿ ನೋಡಿದ್ರ ಅದು ನಿಮ್ಮದಕ್ಕಿಂತ ಸುಮಾರು 2.6 ಪಟ್ಟು ದೊಡ್ಡದು. ಅಂದ್ರ ಒಂದ ಅಪರ್ಚರಿನಾಗ (ಲೆನ್ಸಿನ ಬಾಯಿ), ಒಂದ ಶಟರಿನಾಗ (ಬೆಳಕು ಒಳಗ ಬಿಡೋ ಹೊತ್ತು) ಅಷ್ಟು ಪಟ್ಟು ಬೆಳಕು ಹೆಚ್ಚು ಹಿಡಿತೈತಿ. ಇದು ಸುಳ್ಳಲ್ಲ, ಆ ಫೋಟೋಗ್ರಾಫರು ಹೇಳಿದ್ರಾಗ ಇಷ್ಟು ಖರೆ ಐತಿ. ಈಗ ನಿಮ್ಮ ಲೆನ್ಸ್ ನೋಡ್ರಿ. 18-55 ಲೆನ್ಸ್ 55ಕ್ಕ ಎಳೆದಾಗ ಹೆಚ್ಚಂದ್ರ ಎಫ್ 5.6 ತನಕ ತೆರಿತೈತಿ (ಎಫ್ ನಂಬರ್ ಸಣ್ಣದಾದಷ್ಟು ಬಾಯಿ ದೊಡ್ಡದು), ನಿಮ್ಮ ರಿಸೆಪ್ಷನ್ ಫೋಟೋ ಎಲ್ಲಾ ಅಲ್ಲೇ ತೆಗೆದಿದ್ದು. ಅದರ ಬದಲು 50 ಎಂಎಂ ಎಫ್ 1.8 ಲೆನ್ಸ್ ಹಾಕಿದ್ರ ಪೂರಾ ತೆರೆದಾಗ ಸುಮಾರು 10 ಪಟ್ಟು ಬೆಳಕು ಒಳಗ ಬರ್ತೈತಿ. ಬಾಡಿ ಬದಲಿಸಿದ್ರ 2.6, ಲೆನ್ಸ್ ಬದಲಿಸಿದ್ರ 10. ರೊಕ್ಕದ ಲೆಕ್ಕ ಇದಕ್ಕ ತದ್ವಿರುದ್ಧ.

ನಿಮ್ಮ ಫೋಟೋದ್ದ ಉದಾಹರಣಿ ತಗೋರಿ, ಮದುಮಗ ಮದುಮಗಳು ಸ್ಟೇಜ್ ಮ್ಯಾಲ ನಗ್ತಾ ನಿಂತದ್ದು. ಎಫ್ 5.6, ಶಟರ್ 1/30, ಐಎಸ್ಒ 6400. ಅದೇ ಬೆಳಕಿನಾಗ 50ರ ಲೆನ್ಸ್ ಎಫ್ 2ಕ್ಕ ಇಟ್ಟಿದ್ರ ಮೂರು ಸ್ಟಾಪ್ ಸಿಗ್ತಿತ್ತು (ಒಂದು ಸ್ಟಾಪ್ ಅಂದ್ರ ಬೆಳಕು ಎರಡು ಪಟ್ಟು), ಎರಡನ್ನ ಶಟರಿಗೆ ಕೊಟ್ರ 1/125, ಒಂದನ್ನ ಐಎಸ್ಒಗೆ ಕೊಟ್ರ 3200. ಅಲುಗೂ ಹೋತು, ಕಾಳೂ ಕಡಿಮಿ ಆತು. ಯಾಕಂದ್ರ ನಿಮ್ಮ ಅಲುಗು ಕೈ ನಡುಗಿ ಬಂದದ್ದಲ್ಲ. ನಿಮ್ಮ ಲೆನ್ಸಿನಾಗ ಸ್ಟೆಬಿಲೈಸರ್ ಐತಿ, ಹಿಂದಿನ ಹೂವಿನ ಅಲಂಕಾರ ಚೂಪಾಗೇ ಬಂದೈತಿ, ಮಂದಿಯಷ್ಟ ಮಸುಕು. ಸ್ಟೆಬಿಲೈಸರ್ ನಿಮ್ಮ ಕೈ ಹಿಡಿತೈತಿ, ಮದುಮಗಳ ಕತ್ತು ಹಿಡಿಯಲ್ಲ. ನಿಂತವರಿಗೆ 1/125ಕ್ಕಿಂತ ಕೆಳಗ ಇಳಿಬ್ಯಾಡ್ರಿ, ಅಕ್ಷತಿ ಹಾರೋವಾಗ, ಹುಡುಗರು ಕುಣಿಯೋವಾಗ 1/250 ಬೇಕು.

ಈ ಲೆನ್ಸಿಗೂ ತನ್ನ ತಂಟೆ ಐತಿ, ಅದನ್ನೂ ಹೇಳಿಬಿಡ್ತೀನಿ ಇಲ್ಲಾಂದ್ರ ಆಮ್ಯಾಲ ನನ್ನ ಬೈತೀರಿ. ಎರಡು ಮೀಟರ್ ದೂರದಿಂದ ಎಫ್ 1.8ನಾಗ ತೆಗೆದ್ರ ಚೂಪು ಬರೋ ಆಳ ಸುಮಾರು 11 ಸೆಂಟಿಮೀಟರ್, ಅರ್ಧ ಗೇಣು. ಮದುಮಗಳ ಕಣ್ಣು ಚೂಪು, ಪಕ್ಕದಾಗ ಅರ್ಧ ಹೆಜ್ಜಿ ಹಿಂದ ನಿಂತ ಮದುಮಗ ಮಸುಕು, ಹಿಂಗ ಆಗ್ತೈತಿ, ಮದುಮಗನ ಕಡೆಯವರು ಸುಮ್ನಿರ್ತಾರೇನು. ಜೋಡಿ ಫೋಟೋಕ್ಕ ಇಬ್ಬರನ್ನೂ ಒಂದ ಸಾಲಿಗೆ ನಿಲ್ಲಿಸಿ ಎಫ್ 2.8 ಇಡ್ರಿ, ಎರಡು ಸಾಲಿನ ಗುಂಪಿಗೆ ನಾಲ್ಕು ಮೀಟರ್ ಹಿಂದ ಸರಿದು ಎಫ್ 5.6, ಅಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಆಳ ಸಿಗ್ತೈತಿ. ನಿಮ್ಮ ಕ್ಯಾಮೆರಾದಾಗ ಫೋಕಸ್ ಪಾಯಿಂಟ್ ಒಂಬತ್ತು, ಅದರಾಗ ನಡುವಿನದು ಒಂದ ಕತ್ತಲಾಗ ನಂಬಿಕಸ್ಥ, ಅದನ್ನ ಕಣ್ಣಿನ ಮ್ಯಾಲ ಇಟ್ಟು ಹಿಡಿದು ಆಮ್ಯಾಲ ಫ್ರೇಮ್ ಸರಿಸ್ರಿ. ಇನ್ನ ನಿಮ್ಮ ಸೆನ್ಸರಿನಾಗ 50 ಅನ್ನೋದು 80ರ ಹಂಗ ನಡಿತೈತಿ, ಅಂದ್ರ ನೋಟ ಕಿರಿದು, ಸಣ್ಣ ಮನಿಯಾಗ ಅರಿಷಿಣ ಹಚ್ಚೋ ಮುಂದ ಗ್ವಾಡಿಗೆ ಬೆನ್ನು ಹತ್ತಿದ್ರೂ ಎಲ್ಲಾರೂ ಫ್ರೇಮಿನಾಗ ಹಿಡಿಸಲ್ಲ. ಅದಕ್ಕ 18-55 ಮಾರಬ್ಯಾಡ್ರಿ, ಒಳಗ 18ರಾಗ ಅದು ಎಫ್ 3.5 ತೆರಿತೈತಿ, ಅಲ್ಲಿ ಅದರದ್ದ ಕೆಲಸ.

ಅಡ್ಡ ಪಟ್ಟಿ ಕಥಿ ಸಣ್ಣದು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್ಇಡಿ ಮತ್ತ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕ್ತಾವ, ಕಣ್ಣಿಗೆ ಗೊತ್ತಾಗಲ್ಲ. ಶಟರ್ 1/500, 1/1000 ಇಟ್ರ ಫ್ರೇಮಿನ ಒಂದು ಭಾಗ ಬೆಳಕು ಇದ್ದಾಗ, ಇನ್ನೊಂದು ಭಾಗ ಕಂದಿದಾಗ ತೆಗೆದಂಗ ಆಗಿ ಪಟ್ಟಿ ಬೀಳ್ತೈತಿ. 1/50 ಇಲ್ಲಾ 1/100 ಇಟ್ರ ಮಿಣುಕು ಪೂರ್ತಿ ಸುತ್ತು ಬಂದು ಸಮ ಆಗ್ತೈತಿ, ಒಟ್ಟ ಅಲುಗಾಡದ ನಿಂತವರಿಗೆ 1/125ರ ಬದಲು 1/100 ನಡಿತೈತಿ. ಹಿಂದ ಎಲ್ಇಡಿ ವಾಲ್ ಹಾಕಿದ್ರ ಅದರ ಮಿಣುಕಿನ ಲೆಕ್ಕ ಬ್ಯಾರೆ, ಮಂದಿ ಬರೋಕಿಂತ ಮೊದಲು ನಾಲ್ಕೈದು ಶಟರಿನಾಗ ತೆಗೆದು ಪಟ್ಟಿ ಬರದ್ದನ್ನ ಆರಿಸ್ಕೋರಿ. ಮತ್ತ ಆ ವಾಲ್ ಬೆಳಕಿಗೆ ಕ್ಯಾಮೆರಾ ಮೋಸ ಹೋಗಿ ಮುಖ ಕಪ್ಪು ಮಾಡ್ತೈತಿ, ಫೋಟೋದ ಬೆಳಕು ಹೆಚ್ಚು ಕಡಿಮಿ ಮಾಡೋ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಪ್ಲಸ್ 1 ಹಾಕ್ರಿ. ನಮ್ಮ ಮಂದಿ ಬಣ್ಣ ಕಪ್ಪು, ಅದನ್ನ ಎಡಿಟಿಂಗ್‌ನಾಗ ಸುಣ್ಣ ಬಳಿದಂಗ ಬೆಳ್ಳಗ ಮಾಡೋ ಚಟ ಎಲ್ಲಾ ಕಡೆ ಐತಿ, ನನಗ ಅದು ಸೇರಲ್ಲ. ಮುಖದ ಮ್ಯಾಲ ಬೆಳಕು ಸರಿಯಾಗಿ ಬಿದ್ರ ಕಪ್ಪು ಮುಖದಾಗ ಇರೋ ಕಳಿ ಎಲ್ಲಿಂದ ತರ್ತೀರಿ.

ಫ್ಲ್ಯಾಶ್ ಬಗ್ಗೆ ನೀವು ಕೇಳಿಲ್ಲ ಆದ್ರ ಅದಿಲ್ದ ಈ ಮಾತು ಮುಗಿಯಲ್ಲ. ಕ್ಯಾಮೆರಾ ತಲಿ ಮ್ಯಾಲ ಎದ್ದು ನಿಲ್ಲೋ ಸಣ್ಣ ಫ್ಲ್ಯಾಶ್ ಮರೀರಿ. ಎಫ್ 5.6, ಐಎಸ್ಒ 800 ಇಟ್ರ ಅದು ನಾಲ್ಕೂವರೆ ಮೀಟರ್ ದಾಟಲ್ಲ, ನೇರ ಮುಖಕ್ಕ ಹೊಡೆದು ಬಾಸಿಂಗದ ಬೇಗಡಿ ಫಳ್ ಅಂತ ಹೊಳೆದು ಮುಖಾನ ಕಾಣಲ್ಲ. ತಲಿ ತಿರುಗೋ ಹೊರಗಿನ ಫ್ಲ್ಯಾಶ್ ಒಂದು ಬೇಕು, ಅದನ್ನ ಬಿಳಿ ಸೀಲಿಂಗಿಗೆ ಇಲ್ಲಾ ಪಕ್ಕದ ಬಿಳಿ ಗ್ವಾಡಿಗೆ ಹೊಡಿಸಿದ್ರ ಅದು ದೊಡ್ಡ ಕಿಟಕಿ ಬೆಳಕಿನ ಹಂಗ ಮೆತ್ತಗ ಬರ್ತೈತಿ. ಬಿಳಿ ಇದ್ದಾಗ ಮಾತ್ರ, ಶಾಮಿಯಾನಕ್ಕ ಹೊಡಿಸಿದ್ರ ಮತ್ತ ನನ್ನ ಕುಂಕುಮದ ಡಬ್ಬಿನ. ನಿಮ್ಮ ಬಾಡಿಯಾಗ ಫ್ಲ್ಯಾಶ್ ಜೊತಿ ಶಟರ್ 1/200 ದಾಟಬಾರದು. ಕ್ಯಾನನ್ನಿನ ಕೆಲವು ಕಡಿಮಿ ಬೆಲಿ ಬಾಡಿಗಳಾಗ ಹಾಟ್ ಶೂ (ಹೊರಗಿನ ಫ್ಲ್ಯಾಶ್ ಸಿಗಿಸೋ ಜಾಗ) ನಡುವಿನ ಪಿನ್ ತೆಗೆದು ಹಾಕ್ಯಾರ, ಅಂಥದ್ರಾಗ ಅಗ್ಗದ ಮ್ಯಾನುಯಲ್ ಫ್ಲ್ಯಾಶು, ಟ್ರಿಗರ್ರು ಹೊಡಿಯೋದ ಇಲ್ಲ. ಆನ್‌ಲೈನ್ ತರಿಸ್ಕೋಬ್ಯಾಡ್ರಿ, ಬಾಡಿ ಹಿಡ್ಕೊಂಡು ಅಂಗಡಿಗೆ ಹೋಗಿ ಹಾಕಿ ಹತ್ತು ಸಲ ಹೊಡಿಸಿ ನೋಡಿ ತಗೋರಿ.

ಈಗ ಸಾಲ. ಒಂದೂವರೆ ಲಕ್ಷ, ವರ್ಷಕ್ಕ 16ರ ಬಡ್ಡಿ, ಎರಡು ವರ್ಷ ಅಂತ ಹಿಡೀರಿ. ಇಎಂಐ ತಿಂಗಳಿಗೆ ಸುಮಾರು 7,350 ಬರ್ತೈತಿ, ಬಡ್ಡಿ ಒಂದ 26 ಸಾವಿರದ ಮ್ಯಾಲ. ನಿಮ್ಮ 14 ಸಾವಿರದಾಗ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋತು. ಮದುವಿ ಆರ್ಡರ್ ಹಿಡಿದು ತೀರಿಸ್ತೀನಿ ಅಂತೀರಿ, ಆಷಾಢದಾಗ ಯಾರು ಮದುವಿ ಮಾಡ್ತಾರ, ಧನುರ್ಮಾಸದಾಗ ಯಾರು ಮಾಡ್ತಾರ, ಬ್ಯಾಂಕಿನವರಿಗೆ ಆಷಾಢ ಇಲ್ಲ. ನಾನೂ ಒಮ್ಮೆ ಹಿಂಗ ಕಂತಿನಾಗ ಬಾಡಿ ತಗೊಂಡು ಎರಡನೇ ಆಷಾಢಕ್ಕ ಅದನ್ನ ಅರ್ಧ ಬೆಲಿಗೆ ಮಾರಿ ಬಾಕಿ ಕಂತು ಕಟ್ಟೀನಿ, ಕ್ಯಾಮೆರಾ ಇಲ್ಲ, ಕಂತು ಐತಿ, ಆ ಮೂರು ತಿಂಗಳು ಹೆಂಗ ಕಳಿದ್ವು ಅಂತ ಮನಿಯಾಕಿನ್ನ ಕೇಳಬೇಕು. ಮತ್ತ ಒಂದೂವರೆ ಲಕ್ಷಕ್ಕ ಬರೋದು ಬಾಡಿ, ಅದಕ್ಕ ತಕ್ಕ ಎಫ್ 2.8 ಝೂಮ್ ಲೆನ್ಸಿನ ಬೆಲಿ ಕೇಳಿದ್ರ ಇನ್ನೊಂದು ಸಾಲ ಬೇಕಾಗ್ತೈತಿ. ಸಾದಾ ಎಫ್ 5.6 ಲೆನ್ಸ್ ಹಾಕಿದ್ರ ಆ ದೊಡ್ಡ ಸೆನ್ಸರಿನ ಲಾಭ ಅಲ್ಲೇ ಕರಗಿ ಹೋಗ್ತೈತಿ.

ಮೆಗಾಪಿಕ್ಸೆಲ್ ಹೆಚ್ಚು ಬೇಕು, ಆಲ್ಬಂ ಒಡಿತೈತಿ ಅಂತಾನೂ ಯಾರಾದ್ರೂ ಹೇಳ್ತಾರ. ನಿಮ್ಮದು 24 ಮೆಗಾಪಿಕ್ಸೆಲ್, 6000 ಬೈ 4000, ಇಂಚಿಗೆ 300 ಚುಕ್ಕಿ ಲೆಕ್ಕದಾಗ 20 ಬೈ 13 ಇಂಚು ಚೂಪಾಗಿ ಪ್ರಿಂಟ್ ಆಗ್ತೈತಿ. 12 ಬೈ 36ರ ಆಲ್ಬಂ ಶೀಟಿನಾಗ ಡಿಸೈನರು ಒಂದ ಫೋಟೋ ಹಾಕೋದು ಯಾವಾಗರ ಒಮ್ಮೆ, ಉಳಿದಿದ್ದೆಲ್ಲಾ ನಾಲ್ಕು ಆರು ಸೇರಿಸಿದ್ದು. ಮೆಗಾಪಿಕ್ಸೆಲ್ ನಿಮ್ಮ ಕೊರತಿ ಅಲ್ಲ.

ಹಂಗಾದ್ರ ಏನು ಮಾಡಬೇಕು ಅಂದ್ರ ನನ್ನ ಪ್ರಕಾರ ಮೊದಲು 50 ಎಂಎಂ ಎಫ್ 1.8, ಕೈಯಾಗ ಇರೋ ರೊಕ್ಕದಾಗ, ಸಾಲ ಇಲ್ದ. ಎರಡು ತಿಂಗಳು ಬಿಟ್ಟು ಫ್ಲ್ಯಾಶ್. ಈ ಲೆನ್ಸ್ ಮುಂದ ವೇಸ್ಟ್ ಆಗ್ತೈತಿ ಅನ್ನೋ ಹೆದರಿಕಿ ಬ್ಯಾಡ, ಕ್ಯಾನನ್ನಿನ ಆರ್ ಸರಣಿ ಮಿರರ್‌ಲೆಸ್ಸಿಗೆ (ಒಳಗ ಕನ್ನಡಿ ಇಲ್ಲದ ಕ್ಯಾಮೆರಾ) ಅಡಾಪ್ಟರ್ ಹಾಕಿ ಇದನ್ನ ಬಳಸಬಹುದು. ದೊಡ್ಡ ಬಾಡಿ ಬೇಕೇ ಬೇಕು ಅನಿಸಿದ ದಿನಕ್ಕ ಬಾಡಿಗಿ ತಗೋರಿ, ಆದ್ರ ಮದುವಿ ದಿನ ಮುಂಜಾನಿ ತಗೊಂಡು ಹೋಗಿ ಗುಂಡಿ ಎಲ್ಲಿ ಅದಾವ ಅಂತ ಹುಡುಕಬ್ಯಾಡ್ರಿ, ಒಂದು ದಿನ ಮೊದಲ ತಂದು ರಾತ್ರಿ ಮನಿಯಾಗ ಕೈ ಪಳಗಿಸ್ರಿ, ಬಿದ್ರ ಒಡೆದ್ರ ಯಾರ ಖರ್ಚು ಅಂತ ಮೊದಲ ಮಾತಾಡ್ರಿ. ಸೆಕೆಂಡ್ ಹ್ಯಾಂಡ್ ಬಾಡಿ ಇನ್ನೊಂದು ದಾರಿ. ನನಗ ಅಡ್ಡಿ ಇಲ್ಲ, ಆದ್ರ ನಮ್ಮ ಸೀಮಿಯಾಗ ಓಡಿದ ಕ್ಯಾಮೆರಾ ಅಂದ್ರ ಧೂಳು ಕುಡಿದಿರ್ತೈತಿ, ಎಫ್ 16 ಇಟ್ಟು ಬರೇ ಆಕಾಶದ ಫೋಟೋ ತೆಗೆದು ಕಪ್ಪು ಚುಕ್ಕಿ ಎಷ್ಟು ಅದಾವ ನೋಡ್ರಿ, ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಕಿ ಜೇಡರ ಬಲಿ ಹಂಗ ಬೂಸು ಐತೇನು ನೋಡ್ರಿ, ಬಿಲ್ಲಿನ ಮ್ಯಾಲಿನ ಸೀರಿಯಲ್ ನಂಬರ್ ಬಾಡಿ ಕೆಳಗಿನ ನಂಬರಿಗೆ ಹೊಂದಬೇಕು. ಬಿಲ್ ಇಲ್ಲ ಅಂದ್ರ ಎಷ್ಟ ಅಗ್ಗ ಇರಲಿ ಬ್ಯಾಡ.

ಆ ಫೋಟೋಗ್ರಾಫರ ಮ್ಯಾಲ ಸಿಟ್ಟು ಮಾಡ್ಕೋಬ್ಯಾಡ್ರಿ. ಕೆಲಸದ ನಡುವ ಪಕ್ಕದಾಗ ಇನ್ನೊಂದು ಕ್ಯಾಮೆರಾ ಕಂಡ್ರ ನಮಗೂ ಕಿರಿಕಿರಿ ಆಗ್ತೈತಿ, ಯಾಕಂದ್ರ ಮಂದಿ ಅರ್ಧ ನಿಮ್ಮ ಕಡೆ ಅರ್ಧ ನಮ್ಮ ಕಡೆ ನೋಡ್ತಾರ.

ಅಂಜನಾದ್ರಿ ಆಕಾಶದ ಮಾತು. ಅದು ಕ್ಯಾಮೆರಾ ತಪ್ಪಲ್ಲ, ಹೊತ್ತಿನ ತಪ್ಪು. ಬೆಟ್ಟ ಇರೋದು ತುಂಗಭದ್ರಾದ ಈಚಿ ದಂಡಿಗೆ, ಹಂಪಿ ಆಚಿಗೆ ತೆಂಕಣಕ್ಕ. ನೀವು ಹೋಗಿದ್ದು ಡಿಸೆಂಬರ್, ತೆಗೆದದ್ದು 12ರ ಸುಮಾರು. ಛಳಿಗಾಲದಾಗ ಸೂರ್ಯ ತೆಂಕಣಕ್ಕ ವಾಲಿರ್ತಾನ, ನೀವು ಹಂಪಿ ಕಡೆ ಮುಖ ಮಾಡಿದ್ರ ಸೂರ್ಯನ ಕಡೇನ ಮುಖ ಮಾಡಿದಂಗ. ಬಂಡಿಗಲ್ಲು ನೆರಳಿನಾಗ ಕಪ್ಪು, ಆಕಾಶ ಬೆಂಕಿ, ಎರಡನ್ನೂ ಒಂದ ಫೋಟೋದಾಗ ಹಿಡಿಯೋ ತಾಕತ್ತು ಯಾವ ಸೆನ್ಸರಿಗೂ ಪೂರಾ ಇಲ್ಲ. ಸೂರ್ಯ ಹುಟ್ಟಿದ ಒಂದು ತಾಸಿನ ಒಳಗ ಹೋಗ್ರಿ, ಆಗ ಬೆಳಕು ಎಡಗಡೆಯಿಂದ ಅಡ್ಡ ಬಿದ್ದು ಒಂದೊಂದು ಕಲ್ಲೂ ಎದ್ದು ಕಾಣ್ತೈತಿ. ಕಾಂಪೆನ್ಸೇಶನ್ ಮೈನಸ್ ಒಂದರ ಸುಮಾರು ಇಟ್ಟು ಆಕಾಶ ಉಳಿಸ್ಕೋರಿ, ಕಲ್ಲಿನ ನೆರಳು ರಾ ಫೈಲಿನಿಂದ ಎತ್ತಬಹುದು, ಸುಟ್ಟ ಆಕಾಶ ಎತ್ತಾಕ ಬರಲ್ಲ. ಮಳಿ ನಿಂತ ಮರುದಿನ ಹೋದ್ರ ಇನ್ನೂ ಚಲೋ, ಗಾಳಿಯಾಗಿನ ಧೂಳು ತೊಳೆದು ಹೋಗಿರ್ತೈತಿ, ಕೆಳಗ ಭತ್ತದ ಗದ್ದಿ ಹಸಿರು, ಆ ಹಸಿರು ಮಾತ್ರ ಎಡಿಟಿಂಗ್‌ನಾಗ ಅಳಿಸಬ್ಯಾಡ್ರಿ.

ಕೊನಿಗೆ ಮಾವನ ಮಗಳ ಮದುವಿ. ಒಬ್ಬರ ಜವಾಬ್ದಾರಿ ತಗೋಬ್ಯಾಡ್ರಿ. ಮಾವನಿಗೆ ಬಿಡಿಸಿ ಹೇಳ್ರಿ, ಮುಖ್ಯ ಫೋಟೋಗ್ರಾಫರ್ ಒಬ್ಬರು ಇರಲಿ, ನಾನು ಎರಡನೇ ಕ್ಯಾಮೆರಾ ಹಿಡಿತೀನಿ ಅಂತ. ಮುನಿಸ್ಕೋಬಹುದು, ಆದ್ರ ತಾಳಿ ಕಟ್ಟೋ ಹೊತ್ತು ಒಮ್ಮೆ ತಪ್ಪಿದ್ರ ಇನ್ನೊಮ್ಮೆ ಕಟ್ರಿ ಅನ್ನಾಕ ಬರಲ್ಲ, ಆ ಮುನಿಸು ಜನ್ಮಕ್ಕ ಇರ್ತೈತಿ. ಎರಡನೇ ಕ್ಯಾಮೆರಾದವಗ ಸಿಗೋ ಫೋಟೋ ಮುಖ್ಯದವಗ ಸಿಗಲ್ಲ, ತಾಳಿ ಕಟ್ಟೋವಾಗ ಎಲ್ಲಾ ಕ್ಯಾಮೆರಾ ತಾಳಿ ನೋಡ್ತಿರ್ತಾವ, ನೀವು ಮಾವನ ಮುಖ ನೋಡ್ರಿ. ಅಡಗಿ ಮನಿ, ಬಳಿ ಇಡಿಸ್ಕೊಳ್ಳೋ ಹುಡುಗ್ಯಾರು, ಕಂಬಕ್ಕ ಒರಗಿ ನಿದ್ದಿ ಮಾಡೋ ಬಾಜಾದವ, ಇದೆಲ್ಲಾ ನಿಮ್ಮದು, ನಿಮಗ ಮನಿ ಮಂದಿ ಎಲ್ಲಾರ ಹೆಸರೂ ಗೊತ್ತಿರ್ತೈತಿ.

ಮುಂದ ರೊಕ್ಕಕ್ಕ ಆರ್ಡರ್ ಹಿಡಿಯೋ ಹೊತ್ತಿಗೆ ಒಂದು ಕಾಗದ ಮಾಡ್ಕೊಳ್ಳೋ ರೂಢಿ ಇಟ್ಕೋರಿ. 1957ರ ಕಾಪಿರೈಟ್ ಕಾಯ್ದಿಯಾಗ 17ನೇ ಕಲಮು ಏನು ಹೇಳ್ತೈತಿ ಅಂದ್ರ, ರೊಕ್ಕ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬ್ಯಾರೆ ಒಪ್ಪಂದ ಇರದಿದ್ರ, ತೆಗೆಸಿದವರದು. ತೆಗೆದವ ನಾನು, ನಂದ ಹಕ್ಕು ಅಂತ ಭಾಳ ಮಂದಿ ತಿಳ್ಕೊಂಡಾರ. ಇನ್‌ಸ್ಟಾಗ್ರಾಮಿಗೆ ಮದುಮಗಳ ಫೋಟೋ ಹಾಕೋಕಿಂತ ಮೊದಲ ಬರೆಸ್ಕೋರಿ, ಬಾಯಿ ಮಾತು ಆಮ್ಯಾಲ ನಿಲ್ಲಲ್ಲ.

ನಿಮ್ಮ ಬಾಡಿಯಾಗ ಕಾರ್ಡ್ ಸ್ಲಾಟ್ ಒಂದ ಐತಿ, ಅದಕ್ಕ 128 ಜಿಬಿ ಒಂದು ಕಾರ್ಡಿನಾಗ ಇಡೀ ಮದುವಿ ತುಂಬಬ್ಯಾಡ್ರಿ, 32 ಜಿಬಿಯವು ಮೂರು ನಾಲ್ಕು ಇಟ್ಕೊಂಡು ಅರಿಷಿಣಕ್ಕ ಒಂದು, ಮುಹೂರ್ತಕ್ಕ ಒಂದು, ರಿಸೆಪ್ಷನ್ನಿಗೆ ಒಂದು ಹಿಂಗ ಬದಲಿಸ್ರಿ. ತುಂಬಿದ್ದನ್ನ ಬ್ಯಾಗಿನಾಗ ಇಡಬ್ಯಾಡ್ರಿ, ಬ್ಯಾಗು ಮದುವಿ ಮನಿಯಾಗ ಹತ್ತು ಕೈ ದಾಟ್ತೈತಿ, ಅಂಗಿ ಕಿಸೆಯಾಗ ಗುಂಡಿ ಹಾಕಿ ಇಡ್ರಿ. ಬೈಕಿನ ಡಿಕ್ಕಿಯಾಗಂತೂ ಬ್ಯಾಡವೇ ಬ್ಯಾಡ, ಏಪ್ರಿಲ್ ಬಿಸಿಲಾಗ ಅದು ಒಲಿ ಆಗಿರ್ತೈತಿ. ರಾತ್ರಿ ಎಷ್ಟ ನಿದ್ದಿ ಬಂದಿರಲಿ ಎರಡು ಕಡೆ ಕಾಪಿ ಮಾಡ್ರಿ, ಎರಡೂ ಕಡೆ ನಾಲ್ಕು ಫೋಟೋ ತೆರೆದು ನೋಡಿ ಮಲಗ್ರಿ, ಮತ್ತ ಆಲ್ಬಂ ಮನಿಗೆ ಮುಟ್ಟೋ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬ್ಯಾಡ್ರಿ.